ಸಾಯಬಣ್ಣನ ಮೂರು ಪರ್ಸೆಂಟ್

ಮುಂಬೈಯ ಗೋರೆಗಾಂವಿನ ಹೊಸ ಬಿಲ್ಡಿಂಗುಗಳಲ್ಲಿ ಮೀಟರ್ ರೂಮಿನಿಂದ ಮೇಲಿನ ಪ್ಯಾನಲ್‌ಗೆ ಕೇಬಲ್ ಎಳೆಯಬೇಕಾದರೆ ಮೊದಲು ಸೂಪರ್‌ವೈಜರ್ ಸಾಯಬಣ್ಣನ ಕಿವಿಯ ಮೇಲಿನ ಪೆನ್ಸಿಲ್ ಕೆಳಗಿಳಿಯಬೇಕು. ಕೇಬಲ್ಲಿನ ಉದ್ದ, ದಪ್ಪ, ಅದರಲ್ಲಿ ಹರಿಯುವ ಕರೆಂಟು ಮೂರನ್ನೂ ಗೋಡೆಯ ಮೇಲೆಯೇ ಗುಣಿಸಿ ಭಾಗಿಸಿ, ದಾರಿಯಲ್ಲಿ ಎಷ್ಟು ವೋಲ್ಟೇಜ್ ಸೋರಿ 'ಡ್ರಾಪ್' ಆಗುತ್ತದೆಂದು ಅವನು ಜಾತಕ ನೋಡಿದವನಂತೆ ಸಾರುತ್ತಾನೆ. "ಮೂರು ಪರ್ಸೆಂಟ್ ತನಕ ಮಾಫಿ. ಅದಕ್ಕೂ ಮ್ಯಾಲ ಹೋದ್ರ ಕೇಬಲ್ ದಪ್ಪ ಮಾಡ್ರಿ, ಇಲ್ಲಾ ಉದ್ದ ಕಮ್ಮಿ ಮಾಡ್ರಿ!" ಲೋಕಕ್ಕೆಲ್ಲ ಅವನದು ಇದೇ ಕಾನೂನು. ಹೋಟೆಲಿನ ಚಹಾ ಟೇಬಲ್ಲಿಗೆ ಬರುವಷ್ಟರಲ್ಲಿ ಆರಿದ್ದರೆ ಡ್ರಾಪ್. ಮದುವೆಯ ಕೊನೇ ಪಂಕ್ತಿಯ ಹೋಳಿಗೆಯಲ್ಲಿ ಹೂರಣ ಕಮ್ಮಿಯಾದರೆ ಅದೂ ಡ್ರಾಪ್. ಸಯನ್ನಿನ ಚಾಳಿನ ಅವನ ಒಂದೇ ಕೋಣೆಯ ಮನೆಯಲ್ಲಿ, ಒಲೆಯ ಮುಂದಿನಿಂದ ಹೆಂಡತಿ ಸೋಮವ್ವ ಕೂಗಿದ್ದು ಕೇಳಿಸದಿದ್ದರೂ ಅದೇ ತೀರ್ಪು. "ದಾರ್ಯಾಗ ಡ್ರಾಪ್ ಆಗ್ಯಾದ, ದನಿ ದಪ್ಪ ಮಾಡು." "ಹತ್ತ ಹೆಜ್ಜಿ ಖೋಲ್ಯಾಗ ಯಾ ದಾರಿರೀ? ಕಿವಿ ತೋರಸ್ರಿ ಅಂದ್ರ ತೋರಸಂಗಿಲ್ಲ!" ಎಂದು ಅವಳು ರೇಗುತ್ತಿದ್ದಳು. ಮೂವತ್ತು ವರ್ಷ ಜನರೇಟರಿನ ಪಕ್ಕ ನಿಂತ ಕಿವಿ ಅದು, ಡಾಕ್ಟರ ಚೀಟಿ ಸೈಟಿನವರ ಕಣ್ಣಿಗೆ ಬಿದ್ದರೆ ಕೆಲಸ ಬಿಡಿಸಿ ಮನೆಗೆ ಕಳಿಸುತ್ತಾರೆಂಬ ಅಂಜಿಕೆ ಅವನಿಗೆ. ಅದು ಗೊತ್ತಾದ ಮೇಲೆ ಸೋಮವ್ವ ಕೂಗುವುದನ್ನೇ ಬಿಟ್ಟಿದ್ದಾಳೆ. ರೊಟ್ಟಿ ಬಡಿಯುವ ಹಿಟ್ಟುಗೈಯಲ್ಲೇ ಎದ್ದು ಬಂದು, ಅವನ ಮಗ್ಗುಲಿಗೆ ಕೂತು, ಹೇಳುವುದನ್ನು ಮೆಲ್ಲಗೆ ಹೇಳುತ್ತಾಳೆ. "ಇದೇನ ಹೊಸಾದು?" ಎಂದು ಅವನು ಕೇಳಿದರೆ, "ಉದ್ದ ಕಮ್ಮಿ ಮಾಡೀನ್ರಿ" ಎನ್ನುತ್ತಾಳೆ. ಈಗ ಅವಳು ಒಲೆಯ ಮುಂದಿನಿಂದ ಏಳುವುದು ಕಂಡರೆ ಸಾಕು, ಸಾಯಬಣ್ಣ ಆ ಬದಿಯ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಕಿಸೆಗಿಟ್ಟು, ಸ್ವಲ್ಪ ಸರಿದು ಜಾಗ ಬಿಡುತ್ತಾನೆ.