ಕುರಿ ಕಾಯುವ ನಾಯಿ ಮತ್ತು ಅತ್ತೆಯ ಕೆಂಪು ಕೋಳಿಗಳು

ಕೋಲಾರದಲ್ಲಿ ಶ್ರೀನಿವಾಸಪುರದ ಬಸ್ಸು ಹತ್ತಿ ಕೂತರೆ, ಪಕ್ಕದ ಹೆಂಗಸಿನ ಕಾಲ ಬಳಿ ಕೋಳಿ ತುಂಬಿದ ಒಂದು ಮಂಕರಿ. ಒಳಗಿನಿಂದ ಬೆಚ್ಚಗಿನ ಗರಿಯ, ಒಣಗಿದ ಹಿಕ್ಕೆಯ ವಾಸನೆ. ಅದು ಸುವಾಸನೆ ಎಂದರೆ ನೀವು ತಕರಾರು ತೆಗೆಯುತ್ತೀರಿ. ತೆಗೆಯಿರಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೇವರಿದ್ದಾನೆ ಎಂದು ಒಂದು ವರ್ಷ, ಇಲ್ಲವೆಂದು ಮರುವರ್ಷ ವಾದಿಸಿ ಎರಡು ಸಲವೂ ಬಹುಮಾನದ ಸ್ಟೀಲ್ ಲೋಟ ಮನೆಗೆ ತಂದವನು ನಾನು. ಕೋಳಿಯ ವಾಸನೆಯ ಪರವಾಗಿ ನಾಲ್ಕು ಮಾತು ಆಡಲಾರೆನೆ? ಆದರೆ ಆ ದಿನ ವಾದಿಸುವ ಮನಸ್ಸಾಗಲಿಲ್ಲ. ನಾನು ಹೊರಟದ್ದೇ ಅತ್ತೆಯ ಊರಿಗೆ. ವಾಸನೆ ನನಗಿಂತ ಮೊದಲೇ ಅಲ್ಲಿಗೆ ಹೋಗಿ ತಲುಪಿತ್ತು.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಶ್ರೀನಿವಾಸಪುರದ ಆಚೆ ಅವರದೊಂದು ಮಾವಿನ ತೋಪು. ಮಾವಿನ ವ್ಯವಹಾರವೆಲ್ಲ ಮಾವನದು, ಕೋಳಿಗಳು ಅತ್ತೆಯವು. ಮದುವೆಯಾಗಿ ಬರುವಾಗ ಕುರುಡುಮಲೆಯ ಪಕ್ಕದ ತವರಿನಿಂದ ನನ್ನಜ್ಜಿ ಕೊಟ್ಟು ಕಳಿಸಿದ್ದ ಒಂದು ಕೆಂಪು ಹೇಂಟೆಯ ಸಂತಾನ ಅವು. ಬೆಳಗಾದರೆ ತೋಪಿನ ತುಂಬ ಚೆದುರಿ, ತರಗು ಕೆದರಿ, ಗೆದ್ದಲು ಹೆಕ್ಕಿ, ಸಂಜೆಗೆ ತಾವಾಗಿಯೇ ಮರಳುತ್ತಿದ್ದವು. ಮರಳದ ಕೋಳಿಗಳೂ ಇರುತ್ತಿದ್ದವು. ಬೇಲಿಯ ಕತ್ತಾಳೆಯ ಸಂದಿಯಲ್ಲಿ ಮುಂಗುಸಿ, ಅದರಾಚೆ ನರಿ.

ನಾನು ಕಾಲೇಜು ಓದುತ್ತಿದ್ದ ಕಾಲಕ್ಕೆ ನಮ್ಮ ಸೀಮೆಯಲ್ಲಿ ಫಾರಂ ಕೋಳಿಯ ಹುಮ್ಮಸ್ಸು ಹೊಸದು. ಮಾಲೂರಿನ ಕಡೆ ಯಾರದೋ ಶೆಡ್ಡಿನಲ್ಲಿ ಬಿಳಿ ಕೋಳಿಗಳು ಸಾಲಾಗಿ ಕೂತು ಮೊಟ್ಟೆಯಿಡುವುದನ್ನು ನೋಡಿ ಬಂದ ಮಾವ, ತಂತಿ ಬಲೆಯ ದೊಡ್ಡ ಸುರುಳಿಯೊಂದನ್ನು ತಂದು ಜಗಲಿಯ ಮೇಲೆ ಇಟ್ಟರು. ಯುಗಾದಿಯವರೆಗೆ ನೋಡುವುದು, ಕೋಳಿ ಕಾಣೆಯಾಗುವುದು ನಿಲ್ಲದಿದ್ದರೆ ಎಲ್ಲವನ್ನೂ ಗೂಡಿಗೆ ಹಾಕುವುದು ಎಂದರು. ಗೂಡಿಗೆ ಬಿದ್ದ ಕೋಳಿ ಕಾವು ಕೂರುವುದನ್ನೇ ಬಿಡುತ್ತದೆ, ತನ್ನ ತವರಿನ ಸಂತಾನ ಅಲ್ಲಿಗೆ ಮುಗಿಯುತ್ತದೆ ಎಂದು ಅತ್ತೆ ಹೇಳಿದರು. ಹೇಳಿ ಅಳಲಿಲ್ಲ, ಮುನಿಯಲಿಲ್ಲ. ಒಂದು ನಾಯಿ ತರೋಣ ಎಂದರು.

ಯಾವ ನಾಯಿ? ಇಂಥ ಪ್ರಶ್ನೆ ಕಿವಿಗೆ ಬಿದ್ದರೆ ನನ್ನಂಥವನಿಗೆ ಊಟ ಬೇಡ. ರಜಕ್ಕೆ ಬಂದಿದ್ದ ನಾನು ಅಲ್ಸೇಷಿಯನ್ ಪಕ್ಷ ವಹಿಸಿದೆ. ಕೆಜಿಎಫ್‌ನ ಬಂಗಲೆಯೊಂದರಲ್ಲಿ ಸ್ನೇಹಿತನ ಮನೆಯವರು ಸಾಕಿದ್ದ ನಾಯಿಯ ಎತ್ತರ, ಮೂಗು, ಬುದ್ಧಿ ಎಲ್ಲವನ್ನೂ ವರ್ಣಿಸಿದೆ. ಅತ್ತೆ ಅವರೆಕಾಯಿ ಸುಲಿಯುತ್ತಲೇ ಅದು ಏನು ತಿನ್ನುತ್ತದೆ ಎಂದು ವಿಚಾರಿಸಿದರು. ಮಾಂಸ ಎಂದೆ.

"ಏಮಿರಾ ಅಳಿಯ, ಮಾಂಸ ತಿಂದ್ಕೊಂಡೇ ಬೆಳ್ದಿರೋ ನಾಯೀನ ಕೋಳಿ ಕಾಯಕ್ಕೆ ಕೂರಿಸ್ತೀಯಾ?" ಎಂದರು, ಗಡಿಸೀಮೆಯ ತೆಲುಗು ಬೆರೆಸಿ.

ಮಾವ ಮುಧೋಳದ ನಾಯಿ ಎಂದರು. ಅದರ ಓಟಕ್ಕೆ ನರಿಯೂ ಸಿಕ್ಕಿಬೀಳುತ್ತದೆ. ಓಡಿದ್ದನ್ನೆಲ್ಲ ಅಟ್ಟಿಸಿಕೊಂಡು ಹೋಗುವ ನಾಯಿ ಅದು, ಕೋಳಿಗೆ ದಿನವಿಡೀ ಓಡುವುದೇ ಕೆಲಸ ಎಂದು ಅತ್ತೆ ಅದನ್ನೂ ತಳ್ಳಿಹಾಕಿದರು. ನಾನು ಬೆರಗಾದೆ. ಎದುರಾಳಿಯ ಮಾತಿನಿಂದಲೇ ಅವನ ಕಾಲು ಕಟ್ಟುವ ಆ ವರಸೆಯನ್ನು ಕಲಿಯಲು ನನಗೆ ಎರಡು ವರ್ಷ ಹಿಡಿದಿತ್ತು.

ಅವರ ಆಯ್ಕೆ ಬೇರೆ. ಕೊಯ್ಲು ಮುಗಿದ ಮೇಲೆ ಮುಳಬಾಗಿಲಿನ ಕಡೆಯಿಂದ ಕುರುಬರು ಹೊಲಗಳಲ್ಲಿ ಮಂದೆ ನಿಲ್ಲಿಸಲು ಬರುತ್ತಿದ್ದರು. ಅವರ ನಾಯಿಗಳು ಮುದ್ದೆ ತಿಂದು, ಕುರಿಗಳ ನಡುವೆಯೇ ಬೆಳೆದಂಥವು. ಮೈಮೇಲೆ ಹತ್ತಿ ಕುಣಿದ ಕುರಿಮರಿಗೂ ಅವು ಹಲ್ಲು ತೋರಿಸಿದ್ದನ್ನು ಯಾರೂ ಕಂಡಿಲ್ಲ. ಬಡಪಾಯಿ ಜೀವಕ್ಕೆ ಹಲ್ಲು ಹಚ್ಚದ ಜಾತಿ ಬೇಕಾದರೆ ಅದೇ ಎಂದರು ಅತ್ತೆ. ನಾನು ಎದ್ದು ನಿಂತೆ, ವೇದಿಕೆಯ ಮೇಲಿದ್ದವನಂತೆ. ಕುರಿ ಬೇರೆ, ಕೋಳಿ ಬೇರೆ. ಕುರಿ ಕಾಯುವ ನಾಯಿಗೆ ಕುರಿಯೇ ಲೋಕ. ಅದು ಕೋಳಿಯನ್ನು ಕಾಯುವುದಿಲ್ಲ, ಕುರಿಯನ್ನಾಗಿ ಮಾಡಲು ಹೋಗುತ್ತದೆ ಎಂದೆ. ಕೊನೆಯ ವಾಕ್ಯವನ್ನು ಚಪ್ಪಾಳೆಯ ಆಸೆಗೆ ಹೇಳಿದ್ದೇ ಹೊರತು ನಾನೇನೂ ಅದನ್ನು ನಂಬಿರಲಿಲ್ಲ.

ಅತ್ತೆ ನಕ್ಕರು. ವಾರದೊಳಗೆ ನಾಯಿ ಬಂತು. ಬೂದುಬಣ್ಣ, ಒಂದು ಕಿವಿ ಮಡಚಿತ್ತು, ಮುಖದಲ್ಲಿ ಬಹಳ ಜವಾಬ್ದಾರಿ.

ಮೊದಲ ಬೆಳಗ್ಗೆ ಕೋಳಿಗಳು ಚೆದುರಿದ್ದನ್ನು ಕಂಡು ಆ ನಾಯಿ ಪಟ್ಟ ಸಂಕಟವನ್ನು ನೀವು ನೋಡಬೇಕಿತ್ತು. ಮಂದೆ ಒಡೆದುಹೋಗಿದೆ! ಬೊಗಳದೆ, ಕಚ್ಚದೆ, ದೂರದಿಂದ ಬಳಸಿ ಬಂದು ಒಂದೊಂದನ್ನೇ ಅಟ್ಟುತ್ತ ಎಲ್ಲವನ್ನೂ ಒಂದೇ ಮರದ ಕೆಳಗೆ ಒಟ್ಟುಮಾಡಿತು. ಹುಂಜವೊಂದು ಪ್ರತಿಭಟಿಸಿ ಹೊರಬಿದ್ದರೆ ಅದನ್ನೂ ವಿನಯದಿಂದ ಕರೆತಂದು ಸಾಲಿಗೆ ಸೇರಿಸಿತು. ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಕೋಳಿಗಳು, ಸುತ್ತ ಗಸ್ತು ತಿರುಗುವ ನಾಯಿ. ಮಾವ ಅದಕ್ಕೆ ಮೇಷ್ಟ್ರು ಎಂದು ಹೆಸರಿಟ್ಟರು.

ಮುಂಗುಸಿಗೆ ಒಂದು ಕೋಳಿಯೂ ಸಿಗಲಿಲ್ಲ, ನಿಜ. ಕೋಳಿಗಳಿಗೂ ಒಂದು ಗೆದ್ದಲು ಸಿಗಲಿಲ್ಲ. ಸಂಜೆ ಅತ್ತೆ ಒಂದೊಂದರ ಕೊರಳ ಚೀಲವನ್ನು ಮುಟ್ಟಿ ನೋಡಿದರೆ ಬರಿದು. ಕೆಲವು ದಿನಕ್ಕೆ ಮೊಟ್ಟೆಯೂ ನಿಂತಿತು. ಯುಗಾದಿ ಹತ್ತಿರ ಬರುತ್ತಿತ್ತು.

"ನಾಲ್ಕು ಕಾಲಿನ ಗೂಡು ತಂದಿದ್ದೀಯ," ಎಂದರು ಮಾವ, ಊಟಕ್ಕೆ ಕೂತಾಗ. "ನನ್ನ ಗೂಡಿಗಾದ್ರೆ ಮುದ್ದೆ ಹಾಕೋ ಹಂಗಿರಲಿಲ್ಲ."

ನಾನು ಅತ್ತೆಯ ಮುಖ ನೋಡಿದೆ. ನಾಯಿ ಎಳೆಯದು, ಕಲಿಯುತ್ತದೆ ಎಂದು ಅವರು ಸಮರ್ಥಿಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅದಕ್ಕೆ ಉತ್ತರವನ್ನೂ ಮಸೆದು ಇಟ್ಟುಕೊಂಡಿದ್ದೆ.

"ನೀನು ಹೇಳಿದ್ದೇ ಸರಿ ಕಣೋ ಅಳಿಯ," ಎಂದರು ಅತ್ತೆ. "ಅದು ಕುರಿ ಕಾಯೋ ನಾಯಿ."

ಎದುರಾಳಿಯೇ ಇಲ್ಲದ ವೇದಿಕೆಯ ಮೇಲೆ ನಿಂತವನ ಪಾಡು ನನ್ನದಾಯಿತು. ಅತ್ತೆ ನನ್ನ ತಟ್ಟೆಗೆ ಸಾರು ಬಿಡುತ್ತ ಕೇಳಿದರು.

"ಅಲ್ಲಾ, ಕುರಿ ಕಾಯೋ ನಾಯಿಗೆ ಏನು ಕೊಟ್ರೆ ಸಮಾಧಾನ?"

"ಕುರಿ," ಎಂದೆ, ಯೋಚಿಸದೆ.

"ಅಂತೇ," ಎಂದರು ಅತ್ತೆ ತೆಲುಗಿನಲ್ಲಿ, ಅಷ್ಟೇ ತಾನೇ ಎಂಬಂತೆ.

ಮುಂದಿನ ಸಂತೆಯಿಂದ ಎರಡು ಹೆಣ್ಣು ಕುರಿ ಬಂದವು. ಮೇಷ್ಟ್ರ ಮುಖದ ಮೇಲಿನ ಚಿಂತೆ ಆ ಗಳಿಗೆಗೇ ಇಳಿಯಿತು. ಕುರಿಗಳು ತೋಪಿನ ನಡುವೆ ಮೇಯುತ್ತಿದ್ದವು, ಅವನು ಪಕ್ಕದಲ್ಲಿ ಮಲಗುತ್ತಿದ್ದ. ಕೋಳಿಗಳು ಅವನ ಪಾಲಿಗೆ ಮಾವಿನೆಲೆಯಷ್ಟೇ ಮುಖ್ಯವಾದವು. ಕುರಿಗಳ ಕಾಲಿಗೆ ಹೆದರಿ ಏಳುವ ಹುಳುಗಳಿಗಾಗಿ ಕೋಳಿಗಳೇ ಅವುಗಳ ಸುತ್ತ ಸೇರತೊಡಗಿದವು. ಒಂದು ಮಧ್ಯಾಹ್ನ ಕತ್ತಾಳೆಯ ಸಂದಿಯಲ್ಲಿ ನರಿ ಮೂತಿ ತೂರಿಸಿದ್ದನ್ನು ನಾನೂ ಮಾವನೂ ಜಗಲಿಯಿಂದಲೇ ಕಂಡೆವು. ಮೇಷ್ಟ್ರು ಬಾಣದಂತೆ ಬೇಲಿಗೆ ಹೋದ, ಅಲ್ಲೊಂದು ಗಲಾಟೆ, ಮತ್ತೆ ಬಂದು ಕುರಿಗಳ ಬಳಿ ಮಲಗಿದ. ತಲೆಯೆತ್ತಿ ನೋಡಿದ ಕೋಳಿ ಒಂದೂ ಇಲ್ಲ.

ಹಬ್ಬದವರೆಗೆ ಒಂದು ಕೋಳಿಯೂ ಕಾಣೆಯಾಗಲಿಲ್ಲ. ಯುಗಾದಿ ಕಳೆದ ಮೇಲೆ ಮಾವ ತಂತಿ ಬಲೆಯನ್ನು ಬಿಚ್ಚಿ ಹೀರೆಬಳ್ಳಿಗೆ ಚಪ್ಪರ ಹಾಕಿದರು.

ಅತ್ತೆ ಆರಿಸಿದ ತಳಿ ಸರಿಯೋ ತಪ್ಪೋ? ಇದನ್ನೇ ವಿಷಯವಾಗಿ ಕೊಟ್ಟರೆ ಎರಡು ಕಡೆಯೂ ಮಾತಾಡಬಲ್ಲೆ. ಆದರೆ ನನ್ನ ವಾದವನ್ನು ನಾನು ಗೆದ್ದ ಜಾಗದಲ್ಲೇ ಬಿಟ್ಟು ಕೂತಿದ್ದೆ; ಅದನ್ನು ಎತ್ತಿಕೊಂಡು ಇನ್ನಷ್ಟು ದೂರ ನಡೆದವರು ಸೋತ ಅತ್ತೆ. ಹಾಗೆ ಸೋಲಬಲ್ಲವರನ್ನು ಆಮೇಲೆ ಯಾವ ಸ್ಪರ್ಧೆಯಲ್ಲೂ ನಾನು ಕಾಣಲಿಲ್ಲ.

ಆ ಮಂಕರಿಯ ಬಸ್ಸಿನಲ್ಲಿ ಈ ಸಲ ಹೋದಾಗ ಮೇಷ್ಟ್ರಿಗೆ ವಯಸ್ಸಾಗಿತ್ತು. ಬೇಲಿಯತ್ತ ಓಡಲು ಏಳುತ್ತಾನೆ, ಅರ್ಧದಲ್ಲಿ ನಿಂತುಬಿಡುತ್ತಾನೆ. ಮುಂಗುಸಿ ಮತ್ತೆ ಬರುತ್ತಿದೆಯಂತೆ. ಕಾಫಿ ಕೊಟ್ಟು ಅತ್ತೆ ಎದುರಿಗೆ ಕೂತರು, ಮಾವನೂ ಬಂದು ಕೂತರು. ಇನ್ನೊಂದು ನಾಯಿ ತರಬೇಕು, ಯಾವ ಜಾತಿ ಎಂದು ಇಬ್ಬರೂ ನನ್ನನ್ನೇ ಕೇಳಿದರು. ನಾನು ಲೋಟ ಹಿಡಿದು ತೋಪಿಗೆ ಹೋಗಿ ಒಂದು ಕಲ್ಲಿನ ಮೇಲೆ ಕೂತೆ. ಕೋಳಿಗಳು ಕೆದರುತ್ತಿದ್ದವು. ಯಾವುದು ಎಷ್ಟು ದೂರ ಹೋಗುತ್ತದೆ, ಯಾವುದು ಬೇಲಿಯ ಹತ್ತಿರ ಸುಳಿಯುತ್ತದೆ, ಕುರಿಗಳಿಂದ ದೂರವಾದರೆ ಏನು ಮಾಡುತ್ತವೆ ಎಂದು ನೋಡುತ್ತಿದ್ದೆ. ಬಿಸಿಲು ಮರ ದಾಟಿತು. ಅತ್ತೆ ಹುಡುಕಿಕೊಂಡು ಬಂದರು.

"ಏನೋ ಅಳಿಯ, ಬಾಯಿ ಬಿದ್ದೋಯ್ತಾ?"

"ಇರಿ ಅತ್ತೆ," ಎಂದೆ. "ಇನ್ನೂ ನೋಡ್ತಾ ಇದೀನಿ."

ಅವರು ಸೆರಗು ಸರಿಮಾಡಿಕೊಂಡು ಪಕ್ಕದಲ್ಲಿ ಕೂತರು.