ಅಭಿಜಿತ್ ಉಬ್ಬಿದ ಸಂಜೆ

ಶಿರಸಿಯಲ್ಲಿ ನಮಿತಾ ತೆಗೆದ ಫೋಟೊ ಇಲ್ಲದ ಮನೆ ಕಡಿಮೆ. ನಾಮಕರಣ, ಮುಂಜಿ, ಮದುವೆ, ಕಡೆಗೆ ಹಾರ ಹಾಕಿ ತೂಗುಹಾಕುವ ಪಟ, ಎಲ್ಲ ಅವಳ ಸ್ಟುಡಿಯೊದ್ದೇ. ಅಪ್ಪ ಕಲಿಸಿದ್ದು ಒಂದೇ ಮಾತು: ಕಣ್ಣಿಗೆ ಫೋಕಸ್ ಇಡು, ಮುಖ ತಾನಾಗಿ ಬರುತ್ತದೆ. ಅಂಥವಳಿಗೆ ಫೋಕಸ್ ಸರಿಯಿಲ್ಲ ಎಂದರೆ ಸಿಟ್ಟು ನೆತ್ತಿಗೇರದೆ ಇರುತ್ತದೆಯೇ?

ಅಂದವಳು ಸಾಮಿಯಾ, ಯಲ್ಲಾಪುರದ ಕಾಲೇಜಿನಲ್ಲಿ ವಿಜ್ಞಾನದ ಪಾಠ ಹೇಳುವವಳು. ನಕ್ಷತ್ರದ ಹುಚ್ಚು ಇಬ್ಬರನ್ನೂ ಗೆಳತಿಯರನ್ನಾಗಿ ಮಾಡಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಕೊರೆದ ಗಾಜಿನ ಬಿಲ್ಲೆಯೊಂದನ್ನು ಅವಳೇ ಕೊಟ್ಟಿದ್ದಳು. ದೂರದರ್ಶಕಕ್ಕೂ ಕ್ಯಾಮೆರಾಕ್ಕೂ ನಡುವೆ ಅದನ್ನು ಸಿಕ್ಕಿಸಿದರೆ, ನಕ್ಷತ್ರದ ಚುಕ್ಕೆಯ ಪಕ್ಕದಲ್ಲೇ ಅದರ ಬೆಳಕು ಕಾಮನಬಿಲ್ಲಿನ ಪಟ್ಟಿಯಾಗಿ ಹರಡುತ್ತದೆ. ಅಭಿಜಿತ್ ನಕ್ಷತ್ರದ ಪಟ್ಟಿಗೆ ಅಡ್ಡಲಾಗಿ ಕಪ್ಪು ಗೆರೆಗಳಿರಬೇಕು, ಅಲ್ಲಿನ ಜಲಜನಕದ ಗುರುತು. ನಮಿತಾಳ ಪಟ್ಟಿಯಲ್ಲಿ ಗೆರೆಯೇ ಇಲ್ಲ. ಬಣ್ಣ ಬಿಟ್ಟ ಸೆರಗಿನ ಹಾಗೆ ಎಲ್ಲ ಕಲಸಿಹೋಗಿತ್ತು.

"ನಮಿತಕ್ಕಾ, ಫೋಕಸ್ ಸರಿ ಕೂತಿಲ್ಲ. ನಕ್ಷತ್ರ ನೋಡ್ಬೇಡಿ, ಪಟ್ಟಿ ನೋಡಿ" ಎಂದಿದ್ದಳು ಸಾಮಿಯಾ ಫೋನಿನಲ್ಲಿ.

ನಮಿತಾ ಫೋನು ಕುಕ್ಕಿದ್ದಳು. "ಕಣ್ಣು ನೋಡದೆ ಮುಖ ತೆಗಿ ಹೇಳಿದಂಗಾತು! ಎನಗೇ ಫೋಕಸ್ ಕಲಿಸ್ತು ಅದು!"

ಬಿಲ್ಲೆ ಬೆಳಗಾದರೆ ಸಾಮಿಯಾಳ ಕಾಲೇಜಿಗೆ ವಾಪಸ್ಸು ಹೋಗಬೇಕು. ಗೆರೆ ಹಿಡಿದರೆ ಇವತ್ತೇ, ಇಲ್ಲವಾದರೆ ಅವಳ ಮಾತೇ ಗೆದ್ದಂತೆ. ಮುಸ್ಸಂಜೆಗೇ ನಮಿತಾ ಸ್ಟುಡಿಯೊದ ತಾರಸಿ ಹತ್ತಿದಳು. ಕಾರ್ತಿಕದ ಆಕಾಶ ತೊಳೆದಿಟ್ಟ ಹಾಗಿತ್ತು. ಆದರೆ ಅಭಿಜಿತ್ ಆಗಲೇ ಪಕ್ಕದ ಮನೆಯ ನೀರಿನ ಟಾಕಿಯ ಕಡೆಗೆ ಇಳಿಯುತ್ತಿತ್ತು.

ನಕ್ಷತ್ರವನ್ನು ಸೂಜಿಮೊನೆಯಷ್ಟು ಚೂಪು ಮಾಡಿ ಕ್ಯಾಮೆರಾದ ಗುಂಡಿ ಒತ್ತಿದಳು. ಮತ್ತೆ ಅದೇ ಕಲಸು. ಬ್ಯಾಟರಿ ದೀಪ ಹಿಡಿದು ನಿಂತಿದ್ದ ಗಂಡ ಅನಂತಮೂರ್ತಿಯ ಮೇಲೆ ಹರಿಹಾಯ್ದಳು.

"ನಿಂಗ ಸ್ಟ್ಯಾಂಡು ಅಲ್ಲಾಡ್ಸಿದ್ದಿ!"

"ಆನು ಮುಟ್ಟಿದ್ನಿಲ್ಲೆ ಮಾರಾಯ್ತಿ. ಕುಣಿಯಲಾಗದವ್ಳು ಅಂಗಳ ಡೊಂಕು ಅಂದ್ಲಡ."

ಅಷ್ಟು ಸಾಕಾಯಿತು. "ಹಾಳಾಗಿ ಹೋಗ್ಲಿ ಎಲ್ಲ!" ಎಂದು ಫೋಕಸಿನ ತಿರುಪನ್ನು ಸಿಟ್ಟಿನಲ್ಲಿ ಹಿಡಿದು ತಿರುವಿದಳು. ಕ್ಯಾಮೆರಾದ ತೆರೆಯ ಮೇಲೆ ಚುಕ್ಕೆ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿತು. ಅದರ ಪಕ್ಕದ ಪಟ್ಟಿಯಲ್ಲಿ ಮಾತ್ರ ಕಪ್ಪಗೆ ಒಂದು ಗೆರೆ. ಇನ್ನೊಂದು. ಮತ್ತೊಂದು.

ಕೂದಲೆಳೆಯಷ್ಟು ಹಿಂದಕ್ಕೆ ತಿರುವಿದಳು: ಚುಕ್ಕೆ ಚೂಪಾಯಿತು, ಗೆರೆ ಮಾಸಿತು. ಮುಂದಕ್ಕೆ ತಿರುವಿದಳು: ಚುಕ್ಕೆ ಕೆಟ್ಟಿತು, ಗೆರೆ ಎದ್ದಿತು. ಎರಡಕ್ಕೂ ಫೋಕಸ್ ಒಂದೇ ಕಡೆ ಇಲ್ಲ. ಅಪ್ಪ ಹೇಳಿದ ಕಣ್ಣು ಎಂದುಕೊಂಡಿದ್ದ ಚುಕ್ಕೆಯೇ ಇಷ್ಟು ದಿನ ದಾರಿ ತಪ್ಪಿಸಿತ್ತು.

ಅನಂತಮೂರ್ತಿ ಬಗ್ಗಿ ನೋಡಿದ. "ಅಯ್ಯೋ, ನಕ್ಷತ್ರ ಎಂತಕ್ಕೆ ಹಿಂಗೆ ಉಬ್ಬಿದ್ದು? ತಡಿ, ಆನು ಸರಿ ಮಾಡ್ತೆ."

ಚಾಚಿದ ಕೈಗೆ ಪಟ್ಟೆಂದು ಏಟು ಬಿತ್ತು. "ಮುಟ್ಟಿದ್ರೆ ನೋಡಿ!"

ಒತ್ತಿದಳು. ಮರುಗಳಿಗೆ ಅಭಿಜಿತ್ ಟಾಕಿಯ ಹಿಂದೆ ಹೋಯಿತು.

ಒಂದೂ ಮಾತು ಬರೆಯದೆ ಫೋಟೊವನ್ನು ಸಾಮಿಯಾಳಿಗೆ ಕಳಿಸಿದಳು. ಫೋನು ಕೂಡಲೇ ಕೂಗಿತು. "ಅಕ್ಕಾ, ಗೆರೆ ಬಂದ್ವಲ್ಲ! ಎಂತ ಮಾಡಿದ್ರಿ?"

ಹುಡುಗಿ ಹೇಳಿದ್ದೇ ಸರಿಯಾಗಿತ್ತಲ್ಲ ಎಂದು ನಮಿತಾಳಿಗೆ ಮೈಯೆಲ್ಲ ಮತ್ತೆ ಉರಿಯಿತು.

"ಬಿಲ್ಲೆ ಬೆಳಿಗ್ಗೆ ಬಸ್ಸಿಗೆ ಕೊಟ್ಟು ಕಳಿಸ್ತೇನೆ" ಎಂದು ಫೋನಿಟ್ಟಳು.