ಮೂರನೆಯ ಉಸಿರು

ನನಗೆ ಈಜು ಬರುವುದಿಲ್ಲ. ಆದರೂ ಐವತ್ತೆಂಟನೆಯ ವಯಸ್ಸಿನಲ್ಲಿ ಕೆಲವು ವಾರ ನೀರಿನಡಿ ಉಸಿರಾಡುವುದನ್ನು ಬಿಟ್ಟು ಬೇರೇನನ್ನೂ ಯೋಚಿಸಲಿಲ್ಲ. ಕಾರಣ ನನ್ನ ತಮ್ಮ. ಅವನು ಸಮುದ್ರಕ್ಕಿಳಿದು ಶಾಲಾ ಮಕ್ಕಳಿಗಾಗಿ ವಿಡಿಯೋ ಮಾಡುತ್ತಾನೆ. ಮೀನನ್ನು ತೋರಿಸುತ್ತಾ ಅಲ್ಲಿಂದಲೇ ಮಾತಾಡಬೇಕೆಂಬುದು ಅವನ ಹಟ. ಬಾಯಲ್ಲಿ ನಳಿಕೆ ಕಚ್ಚಿಕೊಂಡರೆ ಮಾತೆಲ್ಲಿ ಬರುತ್ತದೆ? ಅದಕ್ಕೆ ಹಣೆಯಿಂದ ಗಲ್ಲದವರೆಗೆ ಮುಚ್ಚುವ ಮಾಸ್ಕ್ ತರಿಸಿದ. ಒಂದು ಭಾನುವಾರ ಅದನ್ನೂ ಒಂದು ದೊಡ್ಡ ಪೆಟ್ಟಿಗೆಯನ್ನೂ ಹೊಸ ತಿಪ್ಪಸಂದ್ರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಇಟ್ಟು, "ಅಕ್ಕಾ, ಇದಕ್ಕೊಂದು ದಾರಿ ಮಾಡ್ಕೊಡು," ಎಂದ.

ಪೆಟ್ಟಿಗೆಯಲ್ಲಿದ್ದದ್ದು ರಿಬ್ರೀದರ್, ಬಿಟ್ಟ ಉಸಿರನ್ನೇ ಮತ್ತೆ ಉಸಿರಾಡಿಸುವ ಯಂತ್ರ. ಹೊರಬಂದ ಉಸಿರು ಸುಣ್ಣದ ಹರಳುಗಳ ಡಬ್ಬಿಯ ಮೂಲಕ ಹಾದು, ಕೆಟ್ಟ ಗಾಳಿಯನ್ನು ಅಲ್ಲೇ ಬಿಟ್ಟು, ಒಂದಿಷ್ಟು ಆಮ್ಲಜನಕ ಸೇರಿಸಿಕೊಂಡು ವಾಪಸ್ ಬರುತ್ತದೆ. ಗುಳ್ಳೆ ಏಳುವುದಿಲ್ಲ, ಮೀನು ಹೆದರುವುದಿಲ್ಲ. ಯಂತ್ರ ಕೈಕೊಟ್ಟರೆ ಎಂದು ಪಕ್ಕೆಗೆ ಬೇರೆಯೇ ಒಂದು ಸಿಲಿಂಡರ್ ಕಟ್ಟಿಕೊಳ್ಳುತ್ತಾರೆ, ಅದಕ್ಕೆ ಬೇಲೌಟ್ ಎನ್ನುತ್ತಾರೆ. ಉಳಿದವರಾದರೆ ಈ ನಳಿಕೆ ಉಗುಳಿ ಆ ನಳಿಕೆ ಕಚ್ಚಿಕೊಳ್ಳುತ್ತಾರೆ. ಮುಖವೇ ಮಾಸ್ಕಿನೊಳಗಿದ್ದರೆ ಏನನ್ನು ಉಗುಳುವುದು? ಹೀಗೆ ತಲೆಗೆ ಹುಳ ಬಿಟ್ಟು ಅವನು ಹಾಯಾಗಿ ಎರಡನೆಯ ಸಲ ಸಾರು ಬಡಿಸಿಕೊಂಡ.

ವಿಮಾನದ ಆಮ್ಲಜನಕ ಸಲಕರಣೆ ಮಾಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಪರೀಕ್ಷೆಯ ಬೆಂಚಿನಲ್ಲಿ ಕೆಲಸ ಮಾಡಿದವಳು ನಾನು. ವಾಲ್ವ್ ನೋಡಿದರೆ ಕೈ ಸುಮ್ಮನಿರುವುದಿಲ್ಲ. ಮಾಸ್ಕಿನ ಗಲ್ಲದ ಹತ್ತಿರ ಎರಡು ದಾರಿಯ ವಾಲ್ವ್ ಒಂದನ್ನು ಕೂರಿಸಿದೆವು. ಇತ್ತ ತಿರುಗಿಸಿದರೆ ರಿಬ್ರೀದರ್, ಅತ್ತ ತಿರುಗಿಸಿದರೆ ಬೇಲೌಟ್. ಆ ಸಿಲಿಂಡರಿನಲ್ಲಿ ಎಷ್ಟು ಗಾಳಿ ಬೇಕೆಂಬ ಲೆಕ್ಕ ನನಗೆ ಬಹಳ ಹಿಡಿಸಿತು. ಆಳ, ಮೇಲೇರುವ ಹೊತ್ತು ಇವೆಲ್ಲ ಸರಿ, ಆದರೆ ಹೆದರಿದ ಮನುಷ್ಯ ನಿಮಿಷಕ್ಕೆಷ್ಟು ಉಸಿರಾಡುತ್ತಾನೆ? ತಮ್ಮನನ್ನು ನಾಲ್ಕು ಸಲ ಮೂರನೇ ಮಹಡಿಗೆ ಓಡಿಸಿ ಎಣಿಸಿದೆ. "ಇದು ಹೆದರಿಕೆ ಅಲ್ಲಕ್ಕ, ಮಂಡಿ ನೋವು," ಎಂದು ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ.

ವಾಲ್ವಿನ ಜೊತೆ ಬಂದಿದ್ದ ಪ್ಲಾಸ್ಟಿಕ್ ಹಿಡಿ ಗ್ಲೌಸ್ ಹಾಕಿದ ಕೈಗೆ ಸಿಗುತ್ತಿರಲಿಲ್ಲ. ಶಿವಾಜಿನಗರದ ಗಲ್ಲಿಯಲ್ಲಿ ಲೇತ್ ಇಟ್ಟುಕೊಂಡಿರುವ ಚಾಚಾ ಒಬ್ಬರಿದ್ದಾರೆ, ನಮ್ಮ ವರ್ಕ್‌ಶಾಪಿಗೂ ಕೆಲಸ ಮಾಡಿಕೊಡುತ್ತಿದ್ದವರು. ಎಪ್ಪತ್ತು ದಾಟಿದ ಅವರು ಹಿತ್ತಾಳೆಯಲ್ಲಿ ಒಂದು ಹಿಡಿ ಕಡೆದು, ತುದಿಗೆ ಮೊನೆ ಬಿಟ್ಟು, ಅದು ಎತ್ತ ಇದೆಯೆಂದು ಕಣ್ಣು ಮುಚ್ಚಿಯೂ ತಿಳಿಯುವಂತೆ ಮಾಡಿಕೊಟ್ಟರು.

ಹಲಸೂರಿನ ಕಡೆಯ ಈಜುಕೊಳವೊಂದನ್ನು ಒಂದು ಬೆಳಿಗ್ಗೆ ಎರಡು ಗಂಟೆಯ ಮಟ್ಟಿಗೆ ಕೇಳಿ ಪಡೆದೆವು. ತಮ್ಮ ತಾನೇ ಸಿಲಿಂಡರ್ ತೆರೆದ, ಕಟ್ಟಿಕೊಂಡ. ಕೊನೆಗೆ ನಾನೊಮ್ಮೆ ಎಲ್ಲದರ ಮೇಲೂ ಕೈಯಾಡಿಸಿ ನೋಡಿದೆ. ಗೇಜಿನ ಸೂಜಿ ತುಂಬಿದ ಕಡೆಯೇ ನಿಂತಿತ್ತು. ಅವನು ಮುಳುಗಿದ. ಮಾಸ್ಕಿನಿಂದ ಬಂದ ತಂತಿ ದಡದ ಮೇಲಿನ ಸ್ಪೀಕರ್ ಪೆಟ್ಟಿಗೆಗೆ ಸೇರಿತ್ತು, ಅದರಲ್ಲಿ ಅವನ ದನಿ ಕೇಳುತ್ತಿತ್ತು.

"ಬೇಲೌಟ್‌ಗೆ ತಿರುಗಿಸ್ದೆ ಅಕ್ಕಾ. ಚೆನ್ನಾಗಿ ಬರ್ತಿದೆ. ಇನ್ನೊಂದ್ಸಲ ಎಳೀ..."

ಮಾತು ಅಲ್ಲಿಗೇ ನಿಂತಿತು. ನಾನೇನು ಮಾಡಿದೆ? ತಂತಿ ಸಡಿಲವಾಗಿರಬೇಕೆಂದು ಪೆಟ್ಟಿಗೆಯನ್ನು ತಟ್ಟಿದೆ, ವಾಲ್ಯೂಮ್ ಏರಿಸಿದೆ. ಅಷ್ಟರಲ್ಲಿ ಅವನು ಮೇಲೆದ್ದು ಮಾಸ್ಕ್ ಕಿತ್ತು ದಡಕ್ಕೆ ಎದೆಯೂರಿ ಕೆಮ್ಮುತ್ತಿದ್ದ. ಎರಡಾಳಿನಷ್ಟೇ ನೀರಾದ್ದರಿಂದ ಬದುಕಿದ. ಬೇಲೌಟ್ ಸಿಲಿಂಡರ್ ನೋಡಿದರೆ ಮುಚ್ಚಿತ್ತು.

"ನಾನೇ ತೆರೆಯೋದು ಮರ್ತಿದೀನಿ," ಎಂದ. "ಹಿಡಿ ವಾಪಸ್ ತಿರುಗಿಸಿದ್ರೆ ರಿಬ್ರೀದರ್ ಇತ್ತು, ಅದೂ ಹೊಳೀಲಿಲ್ಲ. ಆಗಲ್ಲಕ್ಕ ನನ್ನಿಂದ. ಅಂಡಮಾನ್ ಬೇಡ."

ಮುಂದಿನ ತಿಂಗಳು ಅವನು ಅಂಡಮಾನಿಗೆ ಹೋಗುವುದಿತ್ತು, ಎರಡು ವರ್ಷದಿಂದ ಕಾದಿದ್ದ ಕೆಲಸ. ತೆರೆದಿದ್ದನ್ನು ನಾನು ಕಣ್ಣಾರೆ ಕಂಡಿದ್ದೆನಲ್ಲ, ಮತ್ತೆ ಮುಚ್ಚಿದ್ದು ಹೇಗೆ? ಮುಚ್ಚಿದ ಸಿಲಿಂಡರಿಗೆ ಗೇಜು ತುಂಬಿದೆ ಎಂದದ್ದೇಕೆ? ಗೇಜೇ ಸರಿಯಿಲ್ಲ ಎಂದುಕೊಂಡು ಎಲ್ಲವನ್ನೂ ಆಟೋದಲ್ಲಿ ಹೇರಿಕೊಂಡು ಚಾಚಾ ಹತ್ತಿರ ಹೋದೆ.

ಚಾಚಾ ಸಿಲಿಂಡರ್ ತೆರೆದರು. ಸೂಜಿ ಎದ್ದು ನಿಂತಿತು. ಅವರು ಕನ್ನಡಕ ತರಲು ಆಚೆ ತಿರುಗಿ ಬಂದು, ಗಾಳಿ ಬಿಡುವ ಗುಂಡಿಯನ್ನು ಒತ್ತಿದರು. ಒಂದು ಸಲ ಬುಸ್ ಎಂದಿತು, ಎರಡನೆಯ ಸಲ ಬುಸ್ ಎಂದಿತು, ಮೂರನೆಯದಕ್ಕೆ ಉಸಿರೇ ಇಲ್ಲ. ಸೂಜಿ ಸೊನ್ನೆಗೆ ಬಿತ್ತು.

"ಗೇಜ್ ಸರಿ ಇದೆ ಬೇಟಿ," ಎಂದರು. "ಅದು ಪೈಪ್‌ನಲ್ಲಿ ಉಳ್ದಿರೋದು ತೋರಿಸ್ತದೆ, ಸಿಲಿಂಡರ್‌ದು ಅಲ್ಲ. ಆದ್ರೆ ನಾನು ಓಪನ್ ಮಾಡಿದ್ದೆ. ಬಂದ್ ಮಾಡಿದ್ದು ಯಾರು?"

ನನ್ನ ಕೈ ಇನ್ನೂ ಸಿಲಿಂಡರಿನ ತಿರುಪಿನ ಮೇಲೆಯೇ ಇತ್ತು. ಸೂಜಿ ನೋಡಿದ ಮೇಲೆ ಸಿಲಿಂಡರ್ ಮುಚ್ಚದೆ ಬೆಂಚು ಬಿಡಬಾರದು, ಅದು ನಮ್ಮ ವರ್ಕ್‌ಶಾಪಿನ ನಿಯಮ. ಮೂವತ್ತು ವರ್ಷ ಅದೇ ಮಾಡಿದ ಕೈ ನನ್ನನ್ನು ಕೇಳದೆಯೇ ಮುಚ್ಚಿತ್ತು, ಅಂದು ಕೊಳದ ದಡದಲ್ಲೂ ಮುಚ್ಚಿತ್ತು.

ತಮ್ಮನಿಗೆ ಹೇಳಬೇಕೆಂದೇ ಮನೆಗೆ ಬಂದೆ. ನಾಲಿಗೆ ಏಳಲಿಲ್ಲ. ಸುರಕ್ಷತೆಯ ಬಗ್ಗೆ ಅವನಿಗೆ ಚಿಕ್ಕಂದಿನಿಂದ ಉಪದೇಶ ಮಾಡಿದವಳು ನಾನು. ಅವನು ಮಾಸ್ಕ್ ಮಾರಲು ಫೋಟೋ ತೆಗೆಯುತ್ತಿದ್ದ, ನಾನು ನೋಡುತ್ತಾ ಕೂತಿದ್ದೆ. ನಾಚಿಕೆಗೇಡು. ಅದರ ಜೊತೆಗೇ ಇನ್ನೊಂದು ಪ್ರಶ್ನೆಯೂ ಬಿಡುತ್ತಿರಲಿಲ್ಲ: ಆ ಮೂರನೆಯ ಉಸಿರು ಅವನಿಗೆ ಹೇಗಿದ್ದಿರಬಹುದು?

"ಮಾರೋ ಮುಂಚೆ ನಾನೊಂದ್ಸಲ ಹಾಕ್ಕೋಬೇಕು," ಎಂದೆ. "ಸಿಲಿಂಡರ್ ಮುಚ್ಚಿ."

"ನಿಂಗೇನ್ ಹುಚ್ಚಾ ಅಕ್ಕಾ?"

"ಎದೆಮಟ್ಟದ ನೀರು ಕಣೋ. ಮಂಡಿಯೂರಿ ಕೂತ್ಕೋತೀನಿ. ಗಾಳಿ ಮುಗಿದ್ರೆ ನಾನೇ ತೆರೀತೀನಿ. ವಾಲ್ವ್ ನಂಗೊತ್ತಿಲ್ವಾ?"

ಗೊಣಗುತ್ತಲೇ ಒಪ್ಪಿದ. ತಾವು ಕಡೆದ ಹಿತ್ತಾಳೆ ಹಿಡಿ ನೀರಲ್ಲಿ ಹೇಗಿರುತ್ತದೋ ನೋಡುವೆನೆಂದು ಚಾಚಾ ಕೂಡ ಅದೇ ಕೊಳಕ್ಕೆ ಬಂದರು. ರಿಬ್ರೀದರ್ ಬಿಟ್ಟು ಬರೀ ಆ ಸಿಲಿಂಡರನ್ನು ಮಾಸ್ಕಿಗೆ ಜೋಡಿಸಿ, ತಂತಿಯನ್ನು ಸ್ಪೀಕರ್ ಪೆಟ್ಟಿಗೆಗೆ ಸೇರಿಸಿ, ಪೈಪ್ ತುಂಬುವಷ್ಟು ತೆರೆದು, ಮುಚ್ಚಿ, ನಾನು ನೀರಿನೊಳಗೆ ಮಂಡಿಯೂರಿದೆ. ತಮ್ಮ ದಡದ ಅಂಚಿನಲ್ಲಿ ಕಾದು ಕೂತ. ಮೊದಲ ಉಸಿರು ಸಲೀಸಾಗಿ ಬಂತು. ಎರಡನೆಯದೂ ಬಂತು, ನೆಲದ ನೀಲಿ ಟೈಲ್ಸ್ ನೋಡುತ್ತಾ ಇಷ್ಟೇನಾ ಅಂದುಕೊಂಡೆ. ಮೂರನೆಯದು ಅರ್ಧಕ್ಕೆ ನಿಂತು, ಮಾಸ್ಕ್ ಮುಖಕ್ಕೆ ಕಚ್ಚಿಕೊಂಡಿತು. ಕೂಗಲು ಬಾಯಿ ತೆರೆದೆ, ಕೂಗುವುದಕ್ಕೂ ಗಾಳಿ ಬೇಕು. ಕೈ ತಿರುಪಿಗೆ ಹೋಯಿತು. ತಿರುಗಿಸಿದೆ, ತಿರುಗಲಿಲ್ಲ, ಇನ್ನೂ ಬಲವಾಗಿ ತಿರುಗಿಸಿದೆ. ಅದನ್ನು ಮತ್ತಷ್ಟು ಬಿಗಿ ಮಾಡುತ್ತಿದ್ದೇನೆಂದು ಹೊಳೆಯಲೇ ಇಲ್ಲ. ಎದ್ದು ನಿಲ್ಲಬಹುದೆಂಬುದೂ ಹೊಳೆಯಲಿಲ್ಲ.

ನೀರು ಕದಡಿತು. ತಮ್ಮ ಪ್ಯಾಂಟು ಶರಟಿನಲ್ಲೇ ಧುಮುಕಿದ್ದ. ನನ್ನ ಬೆರಳುಗಳನ್ನು ಬಿಡಿಸಿ ತಿರುಪನ್ನು ಆ ಕಡೆ ತಿರುಗಿಸಿದ. ಗಾಳಿ ನುಗ್ಗಿತು. ಅಳುತ್ತಾ ಅಲ್ಲೇ ನೀರೊಳಗೆ ಹೇಳಿದೆ: "ಅವತ್ತು ಮುಚ್ಚಿದ್ದು ನಾನು ಕಣೋ. ನೀನು ತೆರೆದಿದ್ದೆ. ನೀನೇನೂ ಮರ್ತಿರಲಿಲ್ಲ."

ಅವನು ನನ್ನನ್ನು ಎತ್ತಿ ನಿಲ್ಲಿಸಿದ. ಮುಖದಲ್ಲಿ ಬರೀ ಗಾಬರಿ. ದಡದಲ್ಲಿ ಚಾಚಾ ಸ್ಪೀಕರ್ ಪೆಟ್ಟಿಗೆಯ ಪಕ್ಕ ನಿಂತಿದ್ದರು.

"ನಂಗೆ ಪೂರಾ ಕೇಳ್ತು ಬೇಟಿ," ಎಂದರು. "ಅವರು ನೀರಲ್ಲಿದ್ರು, ಅವರಿಗೆ ಕೇಳಿಲ್ಲ. ಇನ್ನೊಂದ್ ಸಲ ಹೇಳಿ."

ತಮ್ಮ ಕಿವಿಯ ನೀರು ಒರೆಸಿಕೊಳ್ಳುತ್ತಾ, "ಏನಕ್ಕ?" ಎಂದ. ನಾನು ಮಾಸ್ಕ್ ತೆಗೆದು, ಅವನ ಮುಖ ನೋಡಿಕೊಂಡು, ಇನ್ನೊಂದು ಸಲ ಹೇಳಿದೆ.